ಐಚ್ಛಿಕ ಶಸ್ತ್ರಕರ್ಮ: ಒಂದು ವರ್ಗೀಕರಣದ ವಿಮರ್ಶೆ

1

ಒಂದು ಶಾಸ್ತ್ರದಲ್ಲಿ ನೆಲೆಗೊಂಡ ಶಬ್ದವು ಮತ್ತೊಂದು ಶಾಸ್ತ್ರಕ್ಕೆ ಬಂದು ಸೇರುವಾಗ ತನ್ನ ಮೂಲಾರ್ಥದ ಒಂದಂಶವನ್ನು ಕಳೆದುಕೊಳ್ಳುವುದೂ, ಅಲ್ಲಿಗೆ ಬೇಡದ ಮತ್ತೊಂದಂಶವನ್ನು ಹೊತ್ತು ತರುವುದೂ ಭಾಷೆಗಳ ಚರಿತ್ರೆಯಲ್ಲಿ ಅಪೂರ್ವವೇನಲ್ಲ. ಬಹುಮಟ್ಟಿಗೆ ಇದರಿಂದ ಆಗುವ ಹಾನಿ ಸ್ವಲ್ಪವೇ. ಆದರೆ ಮನುಷ್ಯದೇಹದ ಮೇಲೆ ಶಸ್ತ್ರವನ್ನು ಪ್ರಯೋಗಿಸುವ ಸಂದರ್ಭವನ್ನು ನಿರ್ದೇಶಿಸುವ ಶಬ್ದವು ಸಂದಿಗ್ಧವಾದರೆ, ಆ ಸಂದಿಗ್ಧತೆಯ ಫಲವನ್ನು ಅನುಭವಿಸತಕ್ಕವನು ಕೋಶಕಾರನಲ್ಲ, ರೋಗಿ. ‘ಐಚ್ಛಿಕ ಶಸ್ತ್ರಚಿಕಿತ್ಸೆ’ ಎಂಬ ಈಚಿನ ಪ್ರಯೋಗವು ಇಂತಹುದು. ತುರ್ತಾದುದು ಒಂದು, ಐಚ್ಛಿಕವಾದುದು ಇನ್ನೊಂದು ಎಂದು ಶಸ್ತ್ರಕರ್ಮಗಳನ್ನು ಎರಡಾಗಿ ವಿಭಾಗಿಸುವ ಪದ್ಧತಿಯು ಆಸ್ಪತ್ರೆಗಳಿಂದ ವೃತ್ತಪತ್ರಿಕೆಗಳಿಗೂ, ಅಲ್ಲಿಂದ ಜನರ ಮಾತಿಗೂ ಇಳಿದು ಬಂದಿದೆ.

ಉಪಾಧ್ಯಾಯರಿಗೆ ಈ ಶಬ್ದವು ಹೊಸದಲ್ಲ. ಐಚ್ಛಿಕ ವಿಷಯವೆಂದರೆ ಹಲವು ಪಾಠ್ಯವಿಷಯಗಳಲ್ಲಿ ವಿದ್ಯಾರ್ಥಿಯು ತನಗೆ ಬೇಕಾದುದನ್ನು ತಾನೇ ಆರಿಸಿಕೊಳ್ಳತಕ್ಕದ್ದು. ಅಲ್ಲಿ ಇಚ್ಛೆ ಯಾರದೆಂಬ ಪ್ರಶ್ನೆಯೇ ಏಳುವುದಿಲ್ಲ. ಆರಿಸುವವನೂ ಓದುವವನೂ ಒಬ್ಬನೇ. ಆಸ್ಪತ್ರೆಯಲ್ಲಾದರೋ ಆರಿಸುವವನು ಒಬ್ಬ, ಮಾಡುವವನು ಒಬ್ಬ, ಅನುಭವಿಸುವವನು ಮತ್ತೊಬ್ಬ ಆಗಬಹುದು. ಶಬ್ದವು ಶಾಲೆಯಿಂದ ಆಸ್ಪತ್ರೆಗೆ ಬಂದಾಗ ಈ ಭೇದವನ್ನು ಲಕ್ಷಿಸದೆಯೇ ಬಂದಿತು. ಇದಕ್ಕೆ ಬದಲಾಗಿ ಕೆಲವರು ಬಳಸುವ ‘ಚುನಾಯಿತ’ ಎಂಬ ಮಾತಂತೂ ರೋಗವು ಮತದಾನದಿಂದ ಆರಿಸಿ ಬಂದಿತೋ ಎಂಬ ಭ್ರಾಂತಿಯನ್ನು ಹುಟ್ಟಿಸುವಂತಿದೆ.

ವರ್ಗೀಕರಣದ ಈ ದೋಷವು ಸ್ಪಷ್ಟವಾಗಿ ಹೊರಬಿದ್ದುದು 2020ರಲ್ಲಿ. ಕೋವಿಡ್ ವ್ಯಾಧಿಯು ಹರಡತೊಡಗಿದಾಗ ಕೇಂದ್ರ ಆರೋಗ್ಯ ಮಂತ್ರಾಲಯವು ಆ ವರ್ಷದ ಮಾರ್ಚಿ ತಿಂಗಳಿನಲ್ಲಿ ಆಸ್ಪತ್ರೆಗಳಿಗೆ ಸೂಚನೆಯನ್ನು ಕಳುಹಿಸಿ, ಅತ್ಯಾವಶ್ಯಕವಲ್ಲದ ಐಚ್ಛಿಕ ಶಸ್ತ್ರಚಿಕಿತ್ಸೆಗಳನ್ನು ಮುಂದಕ್ಕೆ ಹಾಕಬೇಕೆಂದು ತಿಳಿಸಿತು. ಐಚ್ಛಿಕವೆಂಬುದಕ್ಕೆ ‘ಅತ್ಯಾವಶ್ಯಕವಲ್ಲದ’ ಎಂಬ ವಿಶೇಷಣವನ್ನು ಸೇರಿಸಬೇಕಾಗಿ ಬಂದುದು ಗಮನಾರ್ಹವಾಗಿದೆ. ಐಚ್ಛಿಕವಾದುದರಲ್ಲಿಯೂ ಅತ್ಯಾವಶ್ಯಕವಾದುದು ಉಂಟು ಎಂದು ಇದರಿಂದ ಸಿದ್ಧವಾಗುತ್ತದೆ. ಅತ್ಯಾವಶ್ಯಕವಾದುದನ್ನು ಐಚ್ಛಿಕವೆಂದು ಕರೆಯುವುದಾದರೆ ಆ ಹೆಸರು ಯಾವುದನ್ನು ತಿಳಿಸುತ್ತದೆ? ಈ ಪ್ರಶ್ನೆಯೇ ಪ್ರಕೃತ ವಿಮರ್ಶೆಯ ವಿಷಯ. ಇದನ್ನು ಬಿಡಿಸಲು ಬೇಕಾದ ಸಾಮಗ್ರಿಯು ನಮ್ಮ ನಾಡಿನಲ್ಲಿಯೇ, ಮೇಲುಕೋಟೆಯಂತಹ ವಿದ್ಯಾಸ್ಥಾನಗಳಲ್ಲಿ ಪಾಠವಾಗುತ್ತ ಬಂದಿರುವ ಶಾಸ್ತ್ರಗಳಲ್ಲಿಯೂ, ನಮ್ಮ ದಿನನಿತ್ಯದ ವ್ಯಾಕರಣದಲ್ಲಿಯೂ ದೊರೆಯುತ್ತದೆ.

2

ಮೊದಲು ಇಂದಿನ ವರ್ಗೀಕರಣಗಳ ಸ್ವರೂಪವನ್ನು ನೋಡಬಹುದು. ಬ್ರಿಟನ್ನಿನಲ್ಲಿ 2004ರಲ್ಲಿ ಪ್ರಚಾರಕ್ಕೆ ತಂದ ಕ್ರಮದಲ್ಲಿ ನಾಲ್ಕು ವರ್ಗಗಳಿವೆ: ತತ್‌ಕ್ಷಣ ಮಾಡತಕ್ಕದ್ದು, ಕೆಲವು ಗಂಟೆಗಳೊಳಗೆ ಮಾಡತಕ್ಕದ್ದು, ಕೆಲವು ದಿನಗಳೊಳಗೆ ಮಾಡತಕ್ಕದ್ದು, ಅನುಕೂಲವಾದ ಕಾಲದಲ್ಲಿ ಗೊತ್ತುಮಾಡಿ ಮಾಡತಕ್ಕದ್ದು. ನಾಲ್ಕನೆಯದಕ್ಕೆ ಮಾತ್ರ ಇಚ್ಛೆಯ ಹೆಸರು. ಆದರೆ ನಾಲ್ಕನ್ನೂ ಬೇರೆ ಬೇರೆ ಮಾಡಿರುವುದು ಕಾಲವೇ ಹೊರತು ಇಚ್ಛೆಯಲ್ಲ. ಮೊದಲ ಮೂರು ವರ್ಗಗಳನ್ನು ಗಡಿಯಾರದಿಂದ ಅಳೆದು, ಕೊನೆಯದನ್ನು ಮನಸ್ಸಿನಿಂದ ಅಳೆದಂತೆ ಹೆಸರಿಸಿರುವುದು ವಿಭಾಗತತ್ತ್ವಕ್ಕೆ ವಿರುದ್ಧವಾದುದು.

ಕರ್ನಾಟಕದಲ್ಲಿ 2018ರಲ್ಲಿ ಆರಂಭವಾದ ಆರೋಗ್ಯ ಕರ್ನಾಟಕ ಯೋಜನೆಯು ಬೇರೊಂದು ತತ್ತ್ವವನ್ನು ಹಿಡಿಯಿತು. ಆರಂಭದಲ್ಲಿ ಅದು ಪಟ್ಟಿಮಾಡಿದ 1650 ಚಿಕಿತ್ಸೆಗಳಲ್ಲಿ ಸರಳವಾದ ದ್ವಿತೀಯ ಹಂತದವು 291, ಸಂಕೀರ್ಣವಾದ ದ್ವಿತೀಯ ಹಂತದವು 254, ತೃತೀಯ ಹಂತದವು 900, ತುರ್ತಿನವು 169, ಉಪವಿಭಾಗಗಳಿಗೆ ಸೇರಿದವು 36. ಯೋಜನೆಯ ಮೂಲಕ್ರಮದಲ್ಲಿ ತುರ್ತು ಚಿಕಿತ್ಸೆಗೆ ರೋಗಿಯು ನೋಂದಾಯಿತ ಖಾಸಗಿ ಆಸ್ಪತ್ರೆಗೆ ನೇರವಾಗಿ ಹೋಗಬಹುದಾಗಿತ್ತು. ಸಂಕೀರ್ಣವಾದ ಉಳಿದ ಚಿಕಿತ್ಸೆಗಳಿಗೆ ಸರ್ಕಾರಿ ಆಸ್ಪತ್ರೆಯ ಶಿಫಾರಸು ಬೇಕಾಗಿತ್ತು. ಇಲ್ಲಿ ಇಚ್ಛೆಯ ಹೆಸರೇ ಇಲ್ಲ. ಎಲ್ಲಿ, ಯಾರ ಒಪ್ಪಿಗೆಯ ಮೇರೆಗೆ ಎಂಬುದೇ ಈ ವಿಭಾಗದ ತತ್ತ್ವ. ಆಡಳಿತಕ್ಕೆ ಸಂಬಂಧಿಸಿದ ಪಟ್ಟಿಯೆಂದು ಇದನ್ನು ತಳ್ಳಿಹಾಕಬಹುದಾದರೂ, ಇದರೊಳಗೆ ಒಂದು ವಿವೇಕ ಅಡಗಿದೆ. ಶಸ್ತ್ರಪ್ರಯೋಗ ಬೇಕೆಂದು ಮೊದಲು ಹೇಳತಕ್ಕವನು ಅದರಿಂದ ಸಂಭಾವನೆಯನ್ನು ಪಡೆಯತಕ್ಕವನಾಗಿರಬಾರದು ಎಂಬುದೇ ಆ ವಿವೇಕ. ಇದರ ಬೆಲೆಯು ಮುಂದೆ ತಿಳಿಯುವುದು.

3

ಕರ್ಮಗಳನ್ನು ಅವುಗಳ ಅನಿವಾರ್ಯತೆಯ ತಾರತಮ್ಯದಿಂದ ವಿಭಾಗಿಸುವ ವಿಚಾರವು ಭಾರತೀಯ ಶಾಸ್ತ್ರಗಳಲ್ಲಿ ಎಲ್ಲಕ್ಕಿಂತ ಸೂಕ್ಷ್ಮವಾಗಿ ನಡೆದಿರುವುದು ವೈದ್ಯದಲ್ಲಲ್ಲ, ಪೂರ್ವಮೀಮಾಂಸೆಯಲ್ಲಿ. ಶ್ರೀ ರಾಮಾನುಜರ ವಾಸದಿಂದ ಪ್ರಸಿದ್ಧವಾದ ಮೇಲುಕೋಟೆಯಲ್ಲಿ 1854ರಲ್ಲಿ ಸ್ಥಾಪಿತವಾದ ಸಂಸ್ಕೃತ ಮಹಾಪಾಠಶಾಲೆಯ ಹೆಸರೇ ವೇದವೇದಾಂತಬೋಧಿನಿ. ವೇದಾಂತವನ್ನು ಓದತಕ್ಕವನು ಕರ್ಮವಿಭಾಗವನ್ನು ತಿಳಿಯದೆ ಮುಂದುವರಿಯುವಂತಿಲ್ಲ. ಆ ವಿಭಾಗವು ಸುವಿದಿತವಾಗಿದೆ. ಬಿಡದೆ ಮಾಡತಕ್ಕದ್ದು ನಿತ್ಯ. ನಿಮಿತ್ತವೊಂದು ಒದಗಿದಾಗ ಮಾಡಲೇಬೇಕಾದುದು ನೈಮಿತ್ತಿಕ. ಫಲವನ್ನು ಬಯಸಿದವನು ಮಾತ್ರ ಮಾಡತಕ್ಕದ್ದು ಕಾಮ್ಯ. ಮಳೆಯನ್ನು ಬಯಸುವವನಿಗೆ ಕಾರೀರೀ ಎಂಬ ಇಷ್ಟಿ ಉಂಟು. ಬಯಸದವನಿಗೆ ಅದನ್ನು ಮಾಡದಿದ್ದುದರಿಂದ ದೋಷವಿಲ್ಲ.

ಶಸ್ತ್ರಕರ್ಮದ ವಿಚಾರಕ್ಕೆ ಈ ವಿಭಾಗದ ಮೂರು ನಿರ್ಣಯಗಳು ಬಹಳವಾಗಿ ಉಪಕರಿಸುತ್ತವೆ. ಒಂದನೆಯದು, ನಿತ್ಯಕರ್ಮವನ್ನು ಶಕ್ತಿಯಿದ್ದಷ್ಟು ಅಂಗಗಳೊಡನೆ ಮಾಡಿದರೂ ಸಾಕು. ಕಾಮ್ಯವನ್ನಾದರೋ ಸರ್ವಾಂಗಗಳೊಡನೆ ಮಾಡಬೇಕು, ಇಲ್ಲವಾದರೆ ಫಲವಿಲ್ಲ. ಅಪಘಾತದಲ್ಲಿ ರಕ್ತ ಹರಿಯುತ್ತಿರುವವನಿಗೆ ಕೈಯಲ್ಲಿರುವ ಸಾಧನದಿಂದಲೇ ಚಿಕಿತ್ಸೆ ನಡೆಸುವುದು ನ್ಯಾಯ. ಕಾಯಬಹುದಾದ ಶಸ್ತ್ರಕರ್ಮದಲ್ಲಿ ಒಂದು ಪರೀಕ್ಷೆಯನ್ನಾಗಲಿ ಒಂದು ಸಿದ್ಧತೆಯನ್ನಾಗಲಿ ಬಿಡುವುದು ಕ್ಷಮಾರ್ಹವಲ್ಲ. ಎರಡನೆಯದು, ಯಜ್ಞವನ್ನು ನಡೆಸುವ ಋತ್ವಿಜರು ದಕ್ಷಿಣೆಯನ್ನು ಪಡೆಯುವರಾದರೂ, ಬಯಕೆಯೂ ಫಲವೂ ಯಜಮಾನನವು. ಋತ್ವಿಜನು ದಕ್ಷಿಣೆಯನ್ನು ಬಯಸಿದ ಮಾತ್ರಕ್ಕೆ ಯಾಗವು ಯಜಮಾನನಿಗೆ ಕರ್ತವ್ಯವಾಗುವುದಿಲ್ಲ. ಮೂರನೆಯದು, ಕಾಮ್ಯಕರ್ಮಕ್ಕೆ ಅಧಿಕಾರಿಯಾಗತಕ್ಕವನು ಅರ್ಥಿಯೂ ಸಮರ್ಥನೂ ವಿದ್ವಾಂಸನೂ ಆಗಿರಬೇಕು. ಎಂದರೆ ಫಲವನ್ನು ತಾನೇ ಬಯಸಿದವನಾಗಿ, ಶಕ್ತನಾಗಿ, ಮಾಡುವ ಕರ್ಮ ಏನೆಂದು ಬಲ್ಲವನಾಗಿರಬೇಕು. ರೋಗಿಯ ಸಮ್ಮತಿಯನ್ನು ಕುರಿತು ಇಂದಿನ ವೈದ್ಯನೀತಿಯು ಕೇಳುವ ಗುಣಗಳು ಇವಕ್ಕೆ ತೀರ ಸಮೀಪವಾದವು.

ಇದರೊಡನೆ ಶ್ಯೇನಯಾಗದ ವಿಚಾರವನ್ನೂ ನೆನೆಯಬೇಕು. ಶತ್ರುವಿನ ನಾಶಕ್ಕಾಗಿ ಹೇಳಿರುವ ಈ ಯಾಗದ ವಿಷಯದಲ್ಲಿ ಮೀಮಾಂಸಕರ ಸಮಾಧಾನವೆಂದರೆ, ವೇದವು ಉಪಾಯವನ್ನು ತಿಳಿಸಿತೇ ಹೊರತು ಹಾಗೆ ಬಯಸೆಂದು ವಿಧಿಸಲಿಲ್ಲ ಎಂಬುದು. ಹೇಗೆ ಮಾಡಬೇಕೆಂಬುದನ್ನು ಶಾಸ್ತ್ರವು ಹೇಳಿದ ಮಾತ್ರಕ್ಕೆ ಮಾಡಬೇಕೆಂದು ಹೇಳಿದಂತಾಗದು. ಶಸ್ತ್ರವಿದ್ಯೆಯಲ್ಲಿ ನಿಪುಣನಾದವನು ಮರೆಯುವ ಸಂಭವವಿರುವ ತತ್ತ್ವ ಇದು.

ಕೈಯ ಕ್ರಿಯೆಯೊಂದರಿಂದಲೇ ಕರ್ಮದ ವರ್ಗವು ನಿರ್ಣಯವಾಗುವುದಿಲ್ಲವೆಂಬುದಕ್ಕೆ ಮೇಲುಕೋಟೆಯ ಸಂಪ್ರದಾಯವೇ ನಿದರ್ಶನವಾಗಿದೆ. ಶ್ರೀವೈಷ್ಣವರ ಪಂಚಸಂಸ್ಕಾರಗಳಲ್ಲಿ ಮೊದಲನೆಯದಾದ ತಾಪದಲ್ಲಿ ಕಾಯಿಸಿದ ಶಂಖಚಕ್ರಗಳ ಮುದ್ರೆಯನ್ನು ಭುಜಗಳ ಮೇಲೆ ಒತ್ತುವರು. ಸುಶ್ರುತನ ಅಗ್ನಿಕರ್ಮದಲ್ಲಿಯೂ ಕಾದ ಶಲಾಕೆಯನ್ನು ಮೈಗೆ ಮುಟ್ಟಿಸುವರು. ಎರಡರಲ್ಲಿಯೂ ಬೆಂಕಿ ಒಂದೇ, ಚರ್ಮವೂ ಒಂದೇ. ಒಂದು ರೋಗದ ನಿಮಿತ್ತದಿಂದ ಬಂದುದು, ಮತ್ತೊಂದು ಶರಣಾಗತಿಯನ್ನು ತಾನೇ ಬಯಸಿ ಆಚಾರ್ಯನ ಬಳಿಗೆ ಬಂದವನಿಗೆ ಆಗತಕ್ಕದ್ದು. ಭೇದವಿರುವುದು ಪ್ರಯೋಜನದಲ್ಲಿ, ಮತ್ತು ಅದನ್ನು ಬಯಸಿದವನಲ್ಲಿ.

4

ಈ ದೃಷ್ಟಿಯಿಂದ ಸುಶ್ರುತಸಂಹಿತೆಯನ್ನು ನೋಡಿದರೆ ಅದರ ವಿಭಾಗಗಳ ಹಿರಿಮೆಯೂ ಮಿತಿಯೂ ತಿಳಿಯುತ್ತವೆ. ಸುಶ್ರುತನ ಪ್ರಸಿದ್ಧವಾದ ಅಷ್ಟವಿಧ ಶಸ್ತ್ರಕರ್ಮಗಳು, ಎಂದರೆ ಛೇದ್ಯ, ಭೇದ್ಯ, ಲೇಖ್ಯ, ವೇಧ್ಯ, ಏಷ್ಯ, ಆಹಾರ್ಯ, ವಿಸ್ರಾವ್ಯ, ಸೀವ್ಯ ಎಂಬವು, ಕೈಯ ಕ್ರಿಯೆಯನ್ನು ಅನುಸರಿಸಿದ ವಿಭಾಗ. ಅನಿವಾರ್ಯತೆಯ ತಾರತಮ್ಯವು ಇವುಗಳಲ್ಲಿ ಕಾಣದು. ಅದನ್ನು ಸಂಹಿತೆಯ ಬೇರೆ ಸ್ಥಳಗಳಲ್ಲಿ ಹುಡುಕಬೇಕು.

ಕಾಲದ ವಿಚಾರವು ಬಾವು ಹಣ್ಣಾಗಿದೆಯೇ ಕಾಯಾಗಿದೆಯೇ ಎಂದು ಗುರುತಿಸುವ ಅಧ್ಯಾಯದಲ್ಲಿ ಬರುತ್ತದೆ. ಹಣ್ಣಾಗದ ಬಾವನ್ನು ಕೊಯ್ಯುವವನನ್ನೂ, ಹಣ್ಣಾದುದನ್ನು ಉಪೇಕ್ಷಿಸುವವನನ್ನೂ ಗ್ರಂಥಕಾರನು ಸಮಾನವಾಗಿಯೇ ನಿಂದಿಸುತ್ತಾನೆ. ಅಕಾಲದಲ್ಲಿ ಮಾಡುವುದೂ ಸಕಾಲದಲ್ಲಿ ಮಾಡದಿರುವುದೂ ಒಂದೇ ತೂಕದ ಅಪರಾಧಗಳೆಂಬ ಈ ಮತವು, ಮಾಡಿದ ತಪ್ಪನ್ನು ಮಾತ್ರ ಎಣಿಸಿ ಮಾಡದ ತಪ್ಪನ್ನು ಮರೆಯುವ ಲೋಕರೂಢಿಗಿಂತ ಮೇಲಾದುದು.

ಅನ್ಯೋಪಾಯದ ವಿಚಾರವು ಅರ್ಶಸ್ಸಿನ, ಎಂದರೆ ಮೂಲವ್ಯಾಧಿಯ ಚಿಕಿತ್ಸೆಯಲ್ಲಿದೆ. ಅಲ್ಲಿ ಔಷಧ, ಕ್ಷಾರ, ಅಗ್ನಿ, ಶಸ್ತ್ರ ಎಂದು ನಾಲ್ಕು ಉಪಾಯಗಳನ್ನು ಹೇಳಿ, ಯಾವ ಬಗೆಯದಕ್ಕೆ ಯಾವುದು ತಕ್ಕುದೆಂದು ನಿರ್ಣಯಿಸಿದೆ.

ಮೂತ್ರಾಶಯದ ಕಲ್ಲಿಗೆ ಸಂಬಂಧಿಸಿದ ಅಶ್ಮರೀಚಿಕಿತ್ಸೆಯ ಭಾಗವು ಎಲ್ಲಕ್ಕಿಂತ ಗಂಭೀರವಾದುದು. ಘೃತಗಳೂ ಕಷಾಯಗಳೂ ಫಲಿಸದೆ ಹೋದಾಗ ಶಸ್ತ್ರವೇ ಗತಿ. ಆದರೆ ಕುಶಲನಾದ ವೈದ್ಯನಿಗೂ ಅಲ್ಲಿ ಸಿದ್ಧಿಯು ನಿಶ್ಚಿತವಲ್ಲವಾದುದರಿಂದ ಅದನ್ನು ಉಪಾಯಗಳಲ್ಲೆಲ್ಲ ಕಡೆಯದೆಂದು ಎಣಿಸಿದೆ. ಮಾಡದಿದ್ದರೆ ಸಾವು ಖಂಡಿತ, ಮಾಡಿದರೆ ಬದುಕು ಸಂದೇಹ. ಆದುದರಿಂದ ಒಡೆಯನನ್ನು ಕೇಳಿ ಮಾಡತಕ್ಕದ್ದೆಂದು ವಿಧಿಸಿದೆ. ಗರ್ಭವು ಅಡ್ಡವಾಗಿ ಸಿಕ್ಕಿಕೊಂಡ ಮೂಢಗರ್ಭದ ಪ್ರಕರಣದಲ್ಲಿಯೂ ಅಧಿಪತಿಯನ್ನು ಕೇಳಿಯೇ ಮುಂದುವರಿಯಬೇಕೆಂಬ ಮಾತಿದೆ. ಮಾಡದಿರುವುದರ ಫಲ, ಮಾಡುವುದರ ಫಲ, ಎರಡರ ನಿಶ್ಚಯಾನಿಶ್ಚಯಗಳು, ಅನುಮತಿ ಎಂಬ ನಾಲ್ಕನ್ನೂ ಇಷ್ಟು ಸಂಕ್ಷೇಪವಾಗಿ ಒಂದೆಡೆ ತಂದ ಪ್ರಾಚೀನ ವಾಕ್ಯಗಳು ವಿರಳ.

ಈ ಭಾಗವನ್ನು ಆಧಾರವಾಗಿಟ್ಟುಕೊಂಡು ಈಚಿನ ಕೆಲವು ಲೇಖಕರು ರೋಗಿಯ ಸಮ್ಮತಿಯ ತತ್ತ್ವವನ್ನು ಸುಶ್ರುತನು ಅಂದೇ ಸಾರಿದನೆಂದು ಪ್ರತಿಪಾದಿಸುವುದುಂಟು. ಈ ಅರ್ಥವು ಗ್ರಂಥಕ್ಕೆ ಒಗ್ಗುವುದಿಲ್ಲ. ಅಲ್ಲಿ ಕೇಳಬೇಕಾದುದು ಈಶ್ವರನನ್ನು, ಎಂದರೆ ಪ್ರಭುವನ್ನು. ರೋಗಿಗೆ ಧೈರ್ಯವನ್ನು ಹೇಳಬೇಕೆಂದು ಅದೇ ಪ್ರಕರಣವು ಮುಂದೆ ತಿಳಿಸುತ್ತದೆ. ಅವನನ್ನು ಕೇಳಬೇಕೆಂದು ತಿಳಿಸುವುದಿಲ್ಲ. ಧೈರ್ಯ ಹೇಳುವುದು ಬೇರೆ, ಒಪ್ಪಿಗೆ ಕೇಳುವುದು ಬೇರೆ. ಪ್ರಾಚೀನರಿಗೆ ಗೌರವವನ್ನು ಸಲ್ಲಿಸುವುದೆಂದರೆ ಅವರು ಹೇಳದುದನ್ನು ಅವರ ಬಾಯಲ್ಲಿ ಇಡುವುದಲ್ಲ. ರೋಗಿಯು ತಂದೆತಾಯಿಗಳನ್ನೂ ಮಕ್ಕಳನ್ನೂ ಶಂಕಿಸಿದರೂ ವೈದ್ಯನನ್ನು ಶಂಕಿಸದೆ ತನ್ನನ್ನು ತಾನೇ ಅವನಿಗೆ ಒಪ್ಪಿಸಿಬಿಡುವನಾದುದರಿಂದ ವೈದ್ಯನು ಅವನನ್ನು ಮಗನಂತೆ ಕಾಪಾಡಬೇಕೆಂದು ಸುಶ್ರುತನು ಅನ್ಯತ್ರ ಹೇಳಿದ್ದಾನೆ. ಇದು ಉದಾತ್ತವಾದ ಮಾತು. ಆದರೆ ಇದು ವಿಶ್ವಾಸದ ತತ್ತ್ವ, ಇಚ್ಛೆಯ ತತ್ತ್ವವಲ್ಲ. ಮಗನಂತೆ ಕಾಣುವವನು ಮಗನನ್ನು ಕೇಳದೆಯೂ ನಿರ್ಣಯಿಸುವನು.

ಕನ್ನಡದ ವೈದ್ಯಸಾಹಿತ್ಯಕ್ಕೆ ಬಂದರೆ, ಜಗದ್ದಳ ಸೋಮನಾಥನ ಕರ್ಣಾಟಕ ಕಲ್ಯಾಣಕಾರಕ, ಮಂಗರಾಜನ ಖಗೇಂದ್ರಮಣಿದರ್ಪಣ ಮುಂತಾದವುಗಳಲ್ಲಿ ಔಷಧಕ್ಕೆ ಪ್ರಾಧಾನ್ಯ. ಕೀರ್ತಿವರ್ಮನ ಗೋವೈದ್ಯವು ಪ್ರಕೃತಕ್ಕೆ ಬೇರೊಂದು ರೀತಿಯಲ್ಲಿ ಸಂಬಂಧಿಸಿದೆ. ಪಶುವೈದ್ಯದಲ್ಲಿ ರೋಗಿಯ ಇಚ್ಛೆಯನ್ನು ಕೇಳುವ ಪ್ರಸಕ್ತಿಯೇ ಇಲ್ಲ. ಅಲ್ಲಿ ಒಡೆಯನ ಮಾತೇ ಪ್ರಮಾಣ. ಮನುಷ್ಯವೈದ್ಯವು ಪಶುವೈದ್ಯದಿಂದ ಭಿನ್ನವಾಗುವ ಮುಖ್ಯಸ್ಥಾನ ಇದೇ.

5

ಮೇಲುಕೋಟೆಯ ನೆರೆಯ ಶ್ರೀರಂಗಪಟ್ಟಣಕ್ಕೂ ಶಸ್ತ್ರವೈದ್ಯದ ಚರಿತ್ರೆಗೂ ಇರುವ ಸಂಬಂಧವು ಈ ವಿಚಾರಕ್ಕೆ ಒಂದು ಕಠಿನವಾದ ಉದಾಹರಣೆಯನ್ನು ಒದಗಿಸುತ್ತದೆ. ಲಂಡನ್ನಿನ ಜಂಟಲ್‌ಮನ್ಸ್ ಮ್ಯಾಗಜೀನ್ ಎಂಬ ಪತ್ರಿಕೆಯು 1794ರ ಅಕ್ಟೋಬರಿನಲ್ಲಿ ಪ್ರಕಟಿಸಿದ ವೃತ್ತಾಂತದ ಪ್ರಕಾರ, 1792ರ ಯುದ್ಧದಲ್ಲಿ ಇಂಗ್ಲಿಷರ ಸೇನೆಯಲ್ಲಿ ಎತ್ತುಗಳನ್ನು ಹೊಡೆಯುತ್ತಿದ್ದ ಕೌಸ್‌ಜಿ ಎಂಬ ಮರಾಠನು ಟಿಪ್ಪುವಿನ ಕಡೆಯವರಿಗೆ ಸೆರೆಸಿಕ್ಕಿ, ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡು, ಆ ಸ್ಥಿತಿಯಲ್ಲಿ ಶ್ರೀರಂಗಪಟ್ಟಣದ ಬಳಿ ಮುಂಬಯಿಯ ಸೇನೆಯನ್ನು ಸೇರಿದನು. ಒಂದು ವರ್ಷಕ್ಕೂ ಹೆಚ್ಚು ಕಾಲ ಮೂಗಿಲ್ಲದೆ ಇದ್ದು, ಅನಂತರ ಪುಣೆಯ ಸಮೀಪದಲ್ಲಿ ಇಟ್ಟಿಗೆ ಮಾಡುವ ಜಾತಿಯವನೊಬ್ಬನಿಂದ ಹೊಸ ಮೂಗನ್ನು ಕಟ್ಟಿಸಿಕೊಂಡನು. ಮೇಣದಿಂದ ಮೂಗಿನ ಆಕಾರವನ್ನು ಮಾಡಿ, ಅದನ್ನು ಚಪ್ಪಟೆಮಾಡಿ ಹಣೆಯ ಮೇಲಿಟ್ಟು ಗೆರೆ ಎಳೆದು, ಆ ಚರ್ಮವನ್ನು ಹುಬ್ಬುಗಳ ನಡುವೆ ಬುಡ ಬಿಡದಂತೆ ಬಿಡಿಸಿ ಕೆಳಕ್ಕೆ ತಿರುಗಿಸಿ ಕೂರಿಸಿದ ಕ್ರಮವನ್ನು ಪತ್ರಿಕೆಯು ವರ್ಣಿಸಿದೆ. ಸುಶ್ರುತನ ಕರ್ಣನಾಸಾಸಂಧಾನವಿಧಿಯಲ್ಲಿ ಕೆನ್ನೆಯ ಚರ್ಮವನ್ನು ಹೇಳಿದೆ, ಇಲ್ಲಿ ಹಣೆಯದು. ಈ ವೃತ್ತಾಂತವನ್ನು ಓದಿ ಲಂಡನ್ನಿನ ಕಾರ್ಪ್ಯೂ ಎಂಬ ಶಸ್ತ್ರವೈದ್ಯನು 1814ರಲ್ಲಿ ಅದೇ ಕ್ರಮವನ್ನು ಅನುಸರಿಸಿ 1816ರಲ್ಲಿ ಗ್ರಂಥವನ್ನು ಪ್ರಕಟಿಸಿದನು.

ಇಂದಿನ ಪಟ್ಟಿಯಲ್ಲಿ ಈ ಶಸ್ತ್ರಕರ್ಮವು ಎಲ್ಲಿಗೆ ಸೇರಬೇಕು? ಕಾಲದಿಂದ ಅಳೆದರೆ ಅದು ಸರ್ವಥಾ ಐಚ್ಛಿಕ; ವರ್ಷವೇ ಕಳೆದಿತ್ತು, ಪ್ರಾಣಕ್ಕೆ ಭಯವಿರಲಿಲ್ಲ. ಮಾಡದಿದ್ದರೆ ಏನಾಗುತ್ತಿತ್ತೆಂದು ಕೇಳಿದರೆ ಉತ್ತರವು ಅಷ್ಟು ಸುಲಭವಲ್ಲ. ಮೂಗನ್ನು ಕೊಯ್ಯುವುದು ಆ ಕಾಲದಲ್ಲಿ ಮುಖದ ಮೇಲೆ ಬರೆದ ಅಪಮಾನದ ಶಾಸನ. ಅದನ್ನು ಹೊತ್ತು ಬಾಳುವುದು ಪ್ರಾಣಹಾನಿಯಲ್ಲ, ಆದರೆ ಹಾನಿಯೇ ಅಲ್ಲವೆಂದು ಹೇಳತಕ್ಕವರು ಯಾರು? ಆ ಹಾನಿಯನ್ನು ಅಳೆಯಬಲ್ಲವನು ಅದನ್ನು ಹೊತ್ತವನೊಬ್ಬನೇ. ಮೂಗನ್ನು ಕೊಯ್ದಾಗ ಅವನ ಇಚ್ಛೆಗೆ ಬೆಲೆಯಿರಲಿಲ್ಲ. ಮೂಗನ್ನು ಕಟ್ಟಿಸಿಕೊಳ್ಳಲು ಅವನ ಇಚ್ಛೆಯೊಂದೇ ಕಾರಣವಾಯಿತು. ಶುದ್ಧವಾದ ಕಾಮ್ಯಕರ್ಮಕ್ಕೆ ಇದಕ್ಕಿಂತ ಉತ್ತಮವಾದ ನಿದರ್ಶನ ದೊರೆಯದು. ‘ಐಚ್ಛಿಕ’ವೆಂದರೆ ‘ಅಷ್ಟೇನೂ ಬೇಕಾಗಿಲ್ಲದ’ ಎಂದು ಅರ್ಥಮಾಡುವವರಿಗೆ ಇದು ತಕ್ಕ ಉತ್ತರವೂ ಆಗಿದೆ.

ಇದಕ್ಕೆ ಎದುರಾಗಿ ಕಣ್ಣಿನ ಪೊರೆಯ ಶಸ್ತ್ರಕರ್ಮವನ್ನು ನೋಡಬಹುದು. ಇದೂ ಆಸ್ಪತ್ರೆಯ ಪಟ್ಟಿಯಲ್ಲಿ ಐಚ್ಛಿಕವೇ. ಆದರೆ ಡಾಕ್ಟರ್ ಎಂ. ಸಿ. ಮೋದಿಯವರು ಊರೂರಿಗೆ ಹೋಗಿ ಉಚಿತ ಶಿಬಿರಗಳನ್ನು ನಡೆಸಿ ಪೊರೆ ತೆಗೆದ ಹಳ್ಳಿಗರ ದೃಷ್ಟಿಯಿಂದ ನೋಡಿದರೆ, ಅದನ್ನು ಮಾಡದಿರುವುದರ ಫಲ ಕುರುಡುತನ. ಇಲ್ಲಿ ಕಾಲವು ಮಾತ್ರ ಇಚ್ಛಾಧೀನ, ಕರ್ಮವು ಇಚ್ಛಾಧೀನವಲ್ಲ. ಕೌಸ್‌ಜಿಯ ಮೂಗು, ಹಳ್ಳಿಗನ ಕಣ್ಣು ಎರಡನ್ನೂ ಒಂದೇ ಹೆಸರಿನಿಂದ ಕರೆಯುವ ವರ್ಗೀಕರಣವು ಎರಡಕ್ಕೂ ಅನ್ಯಾಯ ಮಾಡುತ್ತದೆ.

6

ಇಚ್ಛೆಯು ರೋಗಿಯದಲ್ಲದೆ ವೈದ್ಯನದಾದಾಗ ಅದನ್ನು ಗುರುತಿಸುವ ಬಗೆ ಹೇಗೆ? ಈ ಪ್ರಶ್ನೆಗೆ ಉತ್ತರವು ಅಂಕಿಗಳಿಂದ ದೊರೆಯಿತು. 1938ರಲ್ಲಿ ಗ್ಲೋವರ್ ಎಂಬ ಇಂಗ್ಲಿಷ್ ವೈದ್ಯನು ಶಾಲೆಯ ಮಕ್ಕಳ ಗಂಟಲಿನ ಗ್ರಂಥಿಗಳನ್ನು ತೆಗೆಯುವ ಶಸ್ತ್ರಕರ್ಮವನ್ನು ಪರಿಶೀಲಿಸಿ, ಒಂದೇ ರೀತಿಯ ಊರುಗಳಲ್ಲಿ ಅದರ ಪ್ರಮಾಣವು ಕಾರಣ ಕಾಣದಂತೆ ಬಹಳವಾಗಿ ಬೇರೆ ಬೇರೆಯಾಗಿರುವುದನ್ನು ತೋರಿಸಿದನು. 1973ರಲ್ಲಿ ವೆನ್‌ಬರ್ಗ್, ಗಿಟಲ್‌ಸೋನ್ ಎಂಬಿಬ್ಬರು ಅಮೆರಿಕದ ವರ್ಮಾಂಟ್ ಪ್ರಾಂತದಲ್ಲಿ ಇಂತಹುದನ್ನೇ ಕಂಡರು. ಸೊಂಟದ ಮೂಳೆ ಮುರಿದಾಗ ಮಾಡುವ ಶಸ್ತ್ರಕರ್ಮದ ಪ್ರಮಾಣವಾದರೋ ಊರಿಂದೂರಿಗೆ ಅಷ್ಟಾಗಿ ಬದಲಾಗದೆಂದು ಮುಂದಿನ ಪರಿಶೀಲನೆಗಳಿಂದ ತಿಳಿದುಬಂದಿತು. ಮೀಮಾಂಸೆಯ ಮಾತಿನಲ್ಲಿ ಹೇಳುವುದಾದರೆ, ನೈಮಿತ್ತಿಕವು ನಿಮಿತ್ತವನ್ನು ಅನುಸರಿಸುತ್ತದೆ. ಅದು ಋತ್ವಿಜನು ಬದಲಾದರೆ ಬದಲಾಗುವುದಿಲ್ಲ. ಊರಿನ ವೈದ್ಯನು ಬದಲಾದೊಡನೆ ಪ್ರಮಾಣವೂ ಬದಲಾಗುವ ಕರ್ಮವು ಯಜಮಾನನ ಕಾಮದಿಂದ ಹುಟ್ಟಿದುದಲ್ಲವೆಂದು ಊಹಿಸಲು ಅವಕಾಶವಿದೆ.

ಈ ಊಹೆಯು ಕೇವಲ ಶಾಸ್ತ್ರವಿನೋದವಲ್ಲ. 2015ರ ಸುಮಾರಿನಲ್ಲಿ ಕಲಬುರಗಿ ಜಿಲ್ಲೆಯಲ್ಲಿ, ಹೆಚ್ಚಾಗಿ ಲಂಬಾಣಿ ತಾಂಡಾಗಳ ಮತ್ತು ದಲಿತ ಕುಟುಂಬಗಳ ಬಡ ಹೆಂಗಸರ ಗರ್ಭಕೋಶಗಳನ್ನು ಅಗತ್ಯವಿಲ್ಲದೆ ತೆಗೆಯಲಾಯಿತೆಂಬ ದೂರುಗಳು ಎದ್ದು ಸರ್ಕಾರದ ವಿಚಾರಣೆಯವರೆಗೆ ಹೋದುವು. ಬಿಳಿಸೆರಗು, ಹೊಟ್ಟೆನೋವು, ಬೆನ್ನುನೋವು ಎಂದು ಹೋದವರಿಗೆ ಗರ್ಭಕೋಶವನ್ನು ತೆಗೆಯದಿದ್ದರೆ ಕ್ಯಾನ್ಸರ್ ಆಗುವುದೆಂಬ ಭಯವನ್ನು ಹುಟ್ಟಿಸಲಾಯಿತೆಂಬುದು ಆ ದೂರುಗಳ ಸಾರ. ಇತರ ಪ್ರಾಂತಗಳ ಇಂತಹುದೇ ದೂರುಗಳನ್ನು ಕುರಿತ ವ್ಯಾಜ್ಯದಲ್ಲಿ ಸರ್ವೋಚ್ಚ ನ್ಯಾಯಾಲಯವು 2023ರ ಏಪ್ರಿಲ್ ತಿಂಗಳಿನಲ್ಲಿ, ಅನಾವಶ್ಯಕವಾಗಿ ಗರ್ಭಕೋಶ ತೆಗೆಯುವುದನ್ನು ತಡೆಯಲು ಕೇಂದ್ರ ಸರ್ಕಾರವು ರಚಿಸಿದ್ದ ಮಾರ್ಗಸೂಚಿಗಳನ್ನು ಎಲ್ಲ ರಾಜ್ಯಗಳೂ ಮೂರು ತಿಂಗಳೊಳಗೆ ಅಂಗೀಕರಿಸಬೇಕೆಂದು ಆಜ್ಞಾಪಿಸಿತು.

ಇಲ್ಲಿ ವರ್ಗೀಕರಣದ ವೈಫಲ್ಯವು ಸಂಪೂರ್ಣವಾಗಿ ಕಾಣುತ್ತದೆ. ಆಸ್ಪತ್ರೆಯ ಪುಸ್ತಕದಲ್ಲಿ ಈ ಶಸ್ತ್ರಕರ್ಮವು ಐಚ್ಛಿಕ. ಹೆಂಗಸಿಗೆ ಹೇಳಿದುದು ಅದು ಅನಿವಾರ್ಯವೆಂದು. ಒಂದೇ ಕರ್ಮಕ್ಕೆ ಎರಡು ಹೆಸರು: ಬರೆಯುವಾಗ ಒಂದು, ಆಡುವಾಗ ಮತ್ತೊಂದು. ಭಯದಿಂದ ಹುಟ್ಟಿಸಿದ ಬಯಕೆಯು ಬಯಕೆಯ ವೇಷವನ್ನು ಧರಿಸಿರಬಹುದು; ಆದರೆ ಏನು ಮಾಡಲಾಗುತ್ತಿದೆಯೆಂದು ಬಲ್ಲವಳಲ್ಲದವಳು ಶಾಸ್ತ್ರದ ಮಾತಿನಲ್ಲಿ ಅಧಿಕಾರಿಣಿಯಲ್ಲ. ದಕ್ಷಿಣೆಗಾಗಿ ಋತ್ವಿಜನೇ ಯಾಗವನ್ನು ಹುಟ್ಟಿಸಿದಂತಾಯಿತು.

ದೆಹಲಿಯ ಪ್ರಕರಣವೊಂದರಲ್ಲಿ 2008ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಇತ್ತ ತೀರ್ಪು ಈ ವಿಚಾರದಲ್ಲಿ ಮನನೀಯವಾಗಿದೆ. ಪರೀಕ್ಷೆಗೆಂದು ಅರಿವಳಿಕೆಯನ್ನು ಕೊಟ್ಟು ಮಲಗಿಸಿದ್ದ ಪ್ರಾಪ್ತವಯಸ್ಕಳಾದ ಸ್ತ್ರೀಯ ಗರ್ಭಕೋಶವನ್ನೂ ಅಂಡಾಶಯಗಳನ್ನೂ ಹೊರಗೆ ಕುಳಿತಿದ್ದ ಅವಳ ತಾಯಿಯ ಒಪ್ಪಿಗೆಯನ್ನು ಪಡೆದು ತೆಗೆಯಲಾಗಿತ್ತು. ಪ್ರಾಣಾಪಾಯವಿಲ್ಲದಿರುವಾಗ, ಎಚ್ಚರಗೊಂಡ ಮೇಲೆ ಅವಳನ್ನೇ ಕೇಳಬಹುದಾಗಿರುವಾಗ, ತಾಯಿಯ ಒಪ್ಪಿಗೆಯು ಸಲ್ಲದೆಂದು ನ್ಯಾಯಾಲಯವು ನಿರ್ಣಯಿಸಿತು. ಕಾಯಬಹುದಾದ ಕರ್ಮದಲ್ಲಿ ಕಾಯುವುದೇ ಧರ್ಮ. ಏಕೆಂದರೆ ಆ ಅವಕಾಶವು ರೋಗಿಯನ್ನು ಕೇಳುವುದಕ್ಕಾಗಿಯೇ ಇದೆ. ಸುಶ್ರುತನ ಪ್ರಭುವಿನ ಸ್ಥಾನದಲ್ಲಿ ರೋಗಿಯೇ ಪ್ರಭುವಾಗಿ ಕುಳಿತುದು ಈ ತೀರ್ಪಿನ ವಿಶೇಷ.

ಸರ್ಕಾರದ ಇಚ್ಛೆಯೂ ಇದೇ ರೀತಿ ರೋಗಿಯ ಇಚ್ಛೆಯ ಹೆಸರನ್ನು ಧರಿಸಬಲ್ಲುದು. ಸಂತಾನಹರಣ ಶಸ್ತ್ರಚಿಕಿತ್ಸೆಯು ರೋಗವಿಲ್ಲದವರಿಗೆ ಮಾಡತಕ್ಕದ್ದಾದುದರಿಂದ ಸ್ವಭಾವತಃ ಕೇವಲ ಇಚ್ಛಾಧೀನವಾದುದು. ಆದರೂ 1975ರಿಂದ 1977ರವರೆಗಿನ ತುರ್ತುಪರಿಸ್ಥಿತಿಯಲ್ಲಿ ಬಲಾತ್ಕಾರಕ್ಕೆ ಹೆಸರಾದ ಶಸ್ತ್ರಕರ್ಮವು ಅದೇ.

7

ಮೇಲಿನ ವಿಚಾರದಿಂದ ಹೊರಡುವ ನಿರ್ಣಯವು ಇಷ್ಟು. ಶಸ್ತ್ರಕರ್ಮವನ್ನು ಕುರಿತು ಕೇಳಬೇಕಾದ ಪ್ರಶ್ನೆಗಳು ಮೂರು: ಕಾಯಬಹುದೇ? ಮಾಡದಿದ್ದರೆ ಏನಾಗುತ್ತದೆ? ಬಯಸಿದವರು ಯಾರು? ಮೊದಲನೆಯದು ಕಾಲದ್ದು, ಎರಡನೆಯದು ಫಲದ್ದು, ಮೂರನೆಯದು ಕರ್ತೃವಿನದು. ‘ಐಚ್ಛಿಕ’ ಎಂಬ ಶಬ್ದವು ಮೊದಲನೆಯ ಪ್ರಶ್ನೆಗೆ ಮಾತ್ರ ಉತ್ತರವನ್ನು ಕೊಟ್ಟು, ಮೂರಕ್ಕೂ ಕೊಟ್ಟಂತೆ ನಟಿಸುತ್ತದೆ.

ಕನ್ನಡದ ಆಡುಮಾತು ಈ ವಿಷಯದಲ್ಲಿ ಪಾರಿಭಾಷಿಕಕ್ಕಿಂತ ನಿಷ್ಕೃಷ್ಟವಾಗಿರುವುದು ಸಂತೋಷದ ಸಂಗತಿ. ಪ್ರೇರಣಾರ್ಥಕವಾದ ‘ಇಸು’ ಪ್ರತ್ಯಯವನ್ನು ಕೇಶಿರಾಜನಿಂದ ಮೊದಲ್ಗೊಂಡು ವೈಯಾಕರಣರು ವಿಚಾರಿಸಿರುವರು. ಅದರೊಡನೆ ‘ಕೊಳ್ಳು’ ಎಂಬುದು ಸೇರಿದರೆ ಪ್ರೇರಕನೂ ಫಲಭೋಕ್ತೃವೂ ಒಬ್ಬನೇ ಆಗುತ್ತಾನೆ. ‘ಆಪರೇಷನ್ ಮಾಡಿದರು’ ಎಂದಾಗ ರೋಗಿಯ ಇಚ್ಛೆಯ ಸುಳಿವಿಲ್ಲ. ‘ಮಾಡಿಸಿದರು’ ಎಂದಾಗ ಬಯಸಿದವರು ಮನೆಯವರು. ‘ಮಾಡಿಸಿಕೊಂಡಳು’ ಎಂದಾಗಲೇ ಅವಳು ಯಜಮಾನಳು. ಮೂಗನ್ನು ಕಟ್ಟಿಸಿಕೊಂಡವನು, ಪೊರೆ ತೆಗೆಸಿಕೊಂಡವನು, ಗರ್ಭಕೋಶ ತೆಗೆದರೆಂದು ಹೇಳುವವಳು: ಈ ಮೂರು ಕ್ರಿಯಾಪದಗಳಲ್ಲಿ ಪಟ್ಟಿಗಳು ಬಿಟ್ಟ ಭೇದವೆಲ್ಲ ಅಡಗಿದೆ. ರೋಗಿಯು ತನ್ನ ಶಸ್ತ್ರಕರ್ಮವನ್ನು ಯಾವ ಕ್ರಿಯಾಪದದಿಂದ ಹೇಳುವನೆಂದು ಕಿವಿಗೊಡುವ ವೈದ್ಯನಿಗೆ ಒಂದು ಪರೀಕ್ಷೆ ಅನಾಯಾಸವಾಗಿ ದೊರೆಯುತ್ತದೆ.

ಮೀಮಾಂಸೆಯ ವಿಭಾಗವನ್ನು ಹೀಗೆ ಬಳಸುವುದಕ್ಕೆ ಒಂದು ಆಕ್ಷೇಪವುಂಟು; ಅದು ಯುಕ್ತವಾದುದೂ ಹೌದು. ಆ ಶಾಸ್ತ್ರವು ಅಧಿಕಾರವನ್ನು ಎಲ್ಲರಿಗೂ ಕೊಟ್ಟುದಲ್ಲ. ಶೂದ್ರರನ್ನು ಹೊರಗಿಟ್ಟಿತು, ಸ್ತ್ರೀಗೆ ಪತಿಯೊಡನೆ ಮಾತ್ರ ಅಧಿಕಾರವೆಂದಿತು. ಸ್ತ್ರೀಯ ಶಸ್ತ್ರಕರ್ಮಕ್ಕೆ ಗಂಡನ ರುಜುವನ್ನು ಕೇಳುವ ರೂಢಿಯಲ್ಲಿ ಆ ಹಳೆಯ ನಿರ್ಣಯದ ನೆರಳು ಇಂದಿಗೂ ಬಿದ್ದಿದೆ. ಆದುದರಿಂದ ವಿಭಾಗವನ್ನು ಸ್ವೀಕರಿಸಿ ಬಹಿಷ್ಕಾರವನ್ನು ತ್ಯಜಿಸಬೇಕು. ತಿರುಕ್ಕುಲತ್ತಾರ್ ಎಂಬ ಹೆಸರನ್ನಿತ್ತು ದೂರವಿದ್ದವರನ್ನು ಚೆಲುವನಾರಾಯಣನ ಗುಡಿಯೊಳಕ್ಕೆ, ಕೆಲವೇ ದಿನಗಳ ಮಟ್ಟಿಗಾದರೂ, ರಾಮಾನುಜರು ಕರೆದರೆಂದು ಮೇಲುಕೋಟೆಯ ಐತಿಹ್ಯವು ಹೇಳುತ್ತದೆ. ಅಧಿಕಾರವೆಂಬುದು ಹಿಗ್ಗಬಲ್ಲುದೆಂಬ ಪ್ರಜ್ಞೆಯು ಆ ಬೆಟ್ಟಕ್ಕೆ ಅಪರಿಚಿತವಲ್ಲ. ಹಿಗ್ಗಬೇಕಾದುದು ಈಗ ತಾಂಡಾದ ಹೆಂಗಸಿನವರೆಗೆ. ಅದೂ ಕೆಲವು ದಿನಗಳ ಮಟ್ಟಿಗಲ್ಲ.

ಶಬ್ದದ ವಿಷಯದಲ್ಲಿ ಮಾಡಬೇಕಾದುದು ಸ್ವಲ್ಪವೇ. ಕಾಯಬಹುದಾದ ಶಸ್ತ್ರಕರ್ಮವನ್ನು ‘ಸಾವಕಾಶ’ವೆಂದು ಕರೆದರೆ ಸಾಕು, ಕಾಲವಿದೆಯೆಂಬುದನ್ನು ಅದು ತಿಳಿಸುತ್ತದೆ, ಬೇಡವೆಂಬ ಅರ್ಥವನ್ನು ತಾರದು. ‘ಐಚ್ಛಿಕ’ವೆಂಬುದನ್ನು ರೋಗಿಯ ಬಯಕೆಯೊಂದೇ ಕಾರಣವಾದ ಕರ್ಮಕ್ಕೆ ಮೀಸಲಾಗಿಡಬೇಕು. ಆ ಶಬ್ದವನ್ನು ಬರೆಯುವ ಮುನ್ನ ಲೇಖನಿಯನ್ನು ಹಿಡಿದವನು ಇಚ್ಛೆ ಯಾರದೆಂದು ಒಮ್ಮೆ ಕೇಳಿಕೊಂಡರೆ, ಶಸ್ತ್ರವನ್ನು ಹಿಡಿದವನೂ ಅದನ್ನು ಕೇಳಿಕೊಳ್ಳುವ ಅಭ್ಯಾಸವು ಬೆಳೆಯಬಹುದು.